ಸೂತಕದ ಕಟ್ಟೆ

ಗರಸನಹಟ್ಟಿಯ ಮೂಡಣದಲ್ಲಿರುವ ಕಟ್ಟೆಗೆ ಪಂಚಾಯಿತಿಯವರು ‘ಗಂಗಾ ಸರೋವರ’ ಎಂದು ಫಲಕ ನೆಟ್ಟಿದ್ದಾರೆ. ಆ ಹೆಸರು ಫಲಕದ ಮೇಲಷ್ಟೇ ಉಳಿದಿದೆ. ಊರಿಗೆಲ್ಲ ಅದು ಸೂತಕದ ಕಟ್ಟೆ. ಕುಡಿಯುವ ನೀರಿಗೆ ಇದೆಂಥ ಹೆಸರು ಎಂದು ಬಂದ ನೆಂಟರು ಮುಖ ಸಿಂಡರಿಸುತ್ತಾರೆ. ಹಾಗೆಂದು ನೀರು ಕುಡಿಯದೆ ಹೋದವರನ್ನು ನಾನು ಕಂಡಿಲ್ಲ. ಮೆಟ್ಟಿಲ ಬದಿಯಲ್ಲಿ ಕಲ್ಲಿನ ಎರಡು ಕೊಡಗಳಿವೆ, ಒಂದು ದೊಡ್ಡದು, ಒಂದು ಚಿಕ್ಕದು.

ಹಿಂದೊಮ್ಮೆ ಊರವರು ಹಳ್ಳದ ಗುಂಡಿಯ ಕೆಂಪು ನೀರು ಕುಡಿದು ಬದುಕಿದ್ದರು ಎನ್ನುತ್ತಾರೆ. ಬೇಸತ್ತು ಈ ಕಟ್ಟೆ ತೋಡಿದರು. ಆದರೆ ಇಲ್ಲಿಯದು ಗರಸು ನೆಲ. ಮೊದಲ ಮಳೆಗೆ ತುಂಬಿದ ನೀರನ್ನು ನೆಲವೇ ಕುಡಿದುಬಿಟ್ಟಿತು. ಆಗ ಹಿರಿಯರು ದೂರದ ಹೊಲಗಳಿಂದ ಎರೆಮಣ್ಣು ತರಿಸಿ ತಳದ ತುಂಬ ಹರಡಿಸಿದರು, ಹಳ್ಳದಲ್ಲಿ ಉಳಿದಿದ್ದ ನೀರನ್ನೆಲ್ಲ ಹೊತ್ತು ತಂದು ಅದಕ್ಕೆ ಸುರಿಸಿದರು. ಇನ್ನು ಎಮ್ಮೆ ಹಿಂಡು ಬಿಟ್ಟು, ಮಣ್ಣು ಬೆಣ್ಣೆಯಾಗುವವರೆಗೆ ತುಳಿಸಬೇಕು. ನಡುವೆ ಒಣಗಿದರೆ ಬಿರಿಯುತ್ತದೆ. ಮತ್ತೊಮ್ಮೆ ನೆನೆಸಲು ನೀರಿರಲಿಲ್ಲ.

ಊರಿನಲ್ಲಿ ಎಮ್ಮೆ ಹಿಂಡು ಇದ್ದದ್ದು ದುಗ್ಗವ್ವನೆಂಬ ವಿಧವೆಯ ಬಳಿ ಮಾತ್ರ. ತುಳಿಸಬೇಕಾದ ದಿನ ಬೆಳಿಗ್ಗೆಯೇ ಅವಳ ಒಬ್ಬಳೇ ಮಗಳು ಕರಿಯವ್ವ ವಾಂತಿಭೇದಿಯಿಂದ ತೀರಿಕೊಂಡಳು. ಅದೇ ಹಳ್ಳದ ನೀರು. ಸೂತಕದ ಮನೆಯ ದನವೂ ಊರ ನೀರಿನ ಜಾಗಕ್ಕೆ ಇಳಿಯಬಾರದು ಎಂಬುದು ಕಟ್ಟಳೆ. ಜನ ದಂಡೆಯ ಮೇಲೆ ಕೈಕಟ್ಟಿ ಕುಳಿತರು, ಬಿಸಿಲು ಏರಿತು. ಮಗಳನ್ನು ಮಣ್ಣು ಮಾಡಿದ ದುಗ್ಗವ್ವ ಮನೆಗೂ ಹೋಗದೆ, ಮಣ್ಣು ಮೆತ್ತಿದ ಸೀರೆಯಲ್ಲೇ ಎಮ್ಮೆಗಳನ್ನು ಹೊಡೆದುಕೊಂಡು ಬಂದಳು. ಊರಿನ ಯಜಮಾನ ಹನುಮಗೌಡ ಅಡ್ಡ ನಿಂತ.

“ಬ್ಯಾಡವಾ, ಸೂತಕ ಐತಿ. ನೀರಿಗೆ ಮೈಲಿಗಿ ಆಗತೈತಿ.”

“ನೀರು ಎಲ್ಲೈತ್ರಿ ಗೌಡ್ರ, ಮೈಲಿಗಿ ಆಗಾಕ?”

ಗೌಡ ಪಕ್ಕಕ್ಕೆ ಸರಿದ. ದುಗ್ಗವ್ವ ಸಂಜೆಯವರೆಗೆ ಎಮ್ಮೆಗಳ ಹಿಂದೆ ಸುತ್ತಿದಳು. ಅಳಲಿಲ್ಲ, ಯಾರನ್ನೂ ನೋಡಲಿಲ್ಲ. ಗಟ್ಟಿ ಎದೆಯ ಹೆಂಗಸು ಎಂದು ಕೆಲವರು ಹೊಗಳುತ್ತಾರೆ. ನನಗೆ ಆ ಹೊಗಳಿಕೆ ಸೇರುವುದಿಲ್ಲ. ಅವಳಿಗೆ ಅಂದು ಏನೂ ಅನಿಸುತ್ತಿರಲಿಲ್ಲ, ಅಷ್ಟೇ. ಕಾಲಡಿಯ ಕೆಸರು ತಣ್ಣಗಿದೆಯೋ ಬಿಸಿಯಿದೆಯೋ ಅದೂ ತಿಳಿದಿರಲಾರದು.

ಸೂತಕ ಕಳೆಯುವ ಮೊದಲೇ ಮಳೆ ಬಂತು. ಕಟ್ಟೆ ತುಂಬಿತು, ಈ ಸಲ ನೀರು ನಿಂತಿತು. ಆದರೆ ಮೈಲಿಗೆಯ ಭಯಕ್ಕೆ ಯಾರೂ ಇಳಿಯಲಿಲ್ಲ. ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಮೇಲೆಯೇ ನಿಂತರು. ದುಗ್ಗವ್ವ ಬಂದು ಸುಮ್ಮನೆ ಇಳಿದಳು. ದೊಡ್ಡ ಕೊಡ ತುಂಬಿ ದಡದಲ್ಲಿಟ್ಟಳು, ಚಿಕ್ಕ ಕೊಡವನ್ನೂ ತುಂಬಿ ಇಟ್ಟಳು. ಚಿಕ್ಕದು ಮಗಳದು, ರೂಢಿಯಿಂದ ಕೈಗೆ ಬಂದಿತ್ತು. ದೊಡ್ಡದನ್ನು ಸೊಂಟಕ್ಕೇರಿಸಿ, ಚಿಕ್ಕದನ್ನು ಎತ್ತುವವರಿಗಾಗಿ ಹಿಂದಿರುಗಿ ನೋಡಿದಳು. ನೋಡುತ್ತಲೇ ನಿಂತಳು. ಆಗ ಗೌಡನ ಹೆಂಡತಿ ಮೆಟ್ಟಿಲಿಳಿದು ಬಂದು ಆ ಕೊಡವನ್ನು ಎತ್ತಿಕೊಂಡು ಅವಳ ಹಿಂದೆ ನಡೆದಳು ಎನ್ನುತ್ತಾರೆ.

ಈಗಲೂ ಕೆಲವು ದಿನ ಬೆಳಿಗ್ಗೆ ಹೋದರೆ, ನೀರು ತುಂಬಿದ ಕಟ್ಟೆಯ ಮುಂದೆ ಹೆಂಗಸರು ಖಾಲಿ ಕೊಡ ಹಿಡಿದು ನಿಂತಿರುವುದು ಕಾಣುತ್ತದೆ. ಯಾಕೆ ನಿಂತಿರಿ ಎಂದು ಕೇಳಿದರೆ ಯಾವುದೋ ಮನೆಯತ್ತ ಕೈ ತೋರುತ್ತಾರೆ:

“ಅವರ ಮನ್ಯಾಗ ಸೂತಕ ಐತ್ರಿ. ಮೊದಲ ಅವರು ತುಂಬಲಿ.”