ಹೊಂದಲೆ ಗೀಜಗನ ಮೂರನೆಯ ಯಂತ್ರ

ಮಕ್ಕಳೇ, ಒಂದು ಕಾಡಿನ ನಡುವೆ ಒಂದು ಕೊಳವಿತ್ತು. ಕೊಳದ ದಂಡೆಯಲ್ಲಿ ಒಂದು ಜಾಲಿಮರ. ಅದರ ಕೊಂಬೆಗಳು ನೀರಿನ ಮೇಲೆ ಬಾಗಿದ್ದವು. ಮುಳ್ಳಿಗೆ ಹೆದರಿ ಹಾವು ಹತ್ತುತ್ತಿರಲಿಲ್ಲ, ನೀರಿಗೆ ಹೆದರಿ ಕಾಡುಬೆಕ್ಕು ನೆಗೆಯುತ್ತಿರಲಿಲ್ಲ. ಗೂಡು ಕಟ್ಟಲು ಅದಕ್ಕಿಂತ ಒಳ್ಳೆಯ ಮರ ಆ ಕಾಡಿನಲ್ಲೇ ಇರಲಿಲ್ಲ. ಗೀಜಗಗಳಿಗೂ ಅದು ಬೇಕಿತ್ತು, ಕಾಗೆಗಳಿಗೂ ಬೇಕಿತ್ತು.

ಗೀಜಗಗಳಲ್ಲಿ ಹೊಂದಲೆ ಎಂಬವನೊಬ್ಬನಿದ್ದ. ತಲೆಯ ಮೇಲೆ ಅಚ್ಚ ಅರಿಶಿನದ ಬಣ್ಣ, ತಲೆಯೊಳಗೆ ಅದಕ್ಕಿಂತ ಹೊಳೆಯುವ ಬುದ್ಧಿ. ಅವನು ಬುದ್ಧಿವಂತನೆಂಬುದು ಸುಳ್ಳಲ್ಲ. ಅದು ಅವನಿಗೇ ಗೊತ್ತಿದ್ದುದು ಮಾತ್ರ ಸ್ವಲ್ಪ ಹೆಚ್ಚಾಯಿತು.

ಗೀಜಗಗಳಲ್ಲಿ ಒಂದು ಪದ್ಧತಿ ಇದೆ. ಗಂಡುಹಕ್ಕಿ ಗೂಡನ್ನು ಅರ್ಧ ಹೆಣೆದು, ಅದಕ್ಕೆ ತಲೆಕೆಳಗಾಗಿ ಜೋತುಬಿದ್ದು, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ನಾರನ್ನು ಎಳೆದು ನೋಡುತ್ತದೆ, ಒಳಗೆ ಇಣುಕುತ್ತದೆ. ಒಪ್ಪಿದರೆ ಉಳಿದರ್ಧ ಹೆಣೆಯಬೇಕು. ಮೊಟ್ಟೆಯ ಗುಳಿ, ಉದ್ದನೆಯ ಬಾಗಿಲು, ಎಲ್ಲವೂ ಆ ಉಳಿದರ್ಧದಲ್ಲೇ ಇರುವುದು. ಮೊದಲರ್ಧಕ್ಕೆ ನೋಡುವವರಿರುತ್ತಾರೆ. ಎರಡನೆಯ ಅರ್ಧಕ್ಕೆ ಬರೀ ದುಡಿಮೆ. ನಮ್ಮ ಹೊಂದಲೆ ಮೊದಲರ್ಧದಲ್ಲಿ ಪಂಡಿತ.

ಹಿಂದಿನ ಮಳೆಗಾಲದಲ್ಲಿ ಅವನು ಗೋಧಿ ಎಂಬ ಹೆಣ್ಣುಹಕ್ಕಿಗೆ ಅರ್ಧ ಗೂಡು ತೋರಿಸಿದ್ದ. ಗೋಧಿ ಒಪ್ಪಿದಳು. ಅವನು ಅದನ್ನು ಮುಗಿಸುವ ಬದಲು ಪಕ್ಕದ ಕೊಂಬೆಯಲ್ಲಿ ಇನ್ನೂ ಚೆಂದದ ಇನ್ನೊಂದನ್ನು ಆರಂಭಿಸಿದ. ಮಳೆಗಾಲ ಕಳೆದುಹೋಯಿತು. ಮೊಟ್ಟೆಯಿಡಲು ಜಾಗವೇ ಇರಲಿಲ್ಲ.

"ಇನ್ನೊಂದು ಮಳೆಗಾಲ ಕಾಯುತ್ತೇನೆ," ಎಂದಳು ಗೋಧಿ. "ಅದರಾಚೆ ಕಾಯುವುದಿಲ್ಲ. ನೀವೇ ನೋಡಿಕೊಳ್ಳಿ."

ಹೊಂದಲೆ ತಲೆಯಾಡಿಸಿದ. ತಲೆಯಾಡಿಸುವುದು ಸುಲಭದ ಕೆಲಸ.

ಇನ್ನು ಕೊಳದ ವಿಷಯ. ಬೇಸಿಗೆ ಬಂತೆಂದರೆ ನೀರು ತಳಕ್ಕೆ ಸರಿಯುತ್ತಿತ್ತು. ಇಳಿಯುವ ದಾರಿ ಒಂದೇ, ಅದೂ ಇಕ್ಕಟ್ಟು. ಯಾವ ಹಿಂಡು ಯಾವಾಗ ಇಳಿಯಬೇಕೆಂಬ ಲೆಕ್ಕವೆಲ್ಲ ಕೊಕ್ಕರೆ ಶಾನುಭೋಗರ ತಲೆಯಲ್ಲಿತ್ತು. ಶಾನುಭೋಗರು ಒಂಟಿ ಕಾಲಿನ ಮೇಲೆ ನಿಂತು ನಿದ್ದೆ ಮಾಡುವವರು. ಎಚ್ಚರವಾದಾಗ ಎದುರಿಗೆ ಯಾರ ಕೊಂಬು ಕಂಡಿತೋ ಅವರದೇ ಸರದಿ ಎನ್ನುವವರು. ಹೀಗಾಗಿ ಕಾಡೆಮ್ಮೆಗಳು ಮತ್ತೆ ಮತ್ತೆ ಕುಡಿದು ಕೆಸರಿನಲ್ಲಿ ಹೊರಳುತ್ತಿದ್ದವು. ಮೊಲಗಳು ಎಲೆಯ ಮೇಲಿನ ಇಬ್ಬನಿ ನೆಕ್ಕುತ್ತಿದ್ದವು.

ಒಂದು ದಿನ ಎಲ್ಲರೂ ಸೇರಿದಾಗ ಹೊಂದಲೆ ಒಂದು ಕಲ್ಲಿನ ಮೇಲೇರಿ ಹೇಳಿದ:

"ಶಾನುಭೋಗರ ತಲೆ ಬೇಡ. ನಾನೊಂದು ಯಂತ್ರ ಮಾಡುತ್ತೇನೆ. ಹಿಂಡಿಗೊಂದರಂತೆ ಬಿದಿರಿನ ಕೊಳವೆಗಳನ್ನು ಒಂದೇ ಚೌಕಟ್ಟಿಗೆ ತೂಗುಹಾಕುತ್ತೇನೆ. ನೀರು ಕುಡಿದು ಹೋಗುವಾಗ ಪ್ರತಿ ಹಿಂಡೂ ತನ್ನ ಕೊಳವೆಗೆ ಒಂದು ಗುಲಗಂಜಿ ಬೀಜ ಹಾಕಬೇಕು. ಬೀಜ ಹೆಚ್ಚಿರುವ ಕೊಳವೆ ಕೆಳಗಿಳಿಯುತ್ತದೆ. ಬೀಜ ಕಡಿಮೆಯಿರುವುದು ಮೇಲೇಳುತ್ತದೆ. ಯಾವುದರ ತುದಿಗೆ ಕಟ್ಟಿದ ಎಲೆ ಎಲ್ಲಕ್ಕಿಂತ ಎತ್ತರದಲ್ಲಿ ನಿಂತಿದೆಯೋ ಮುಂದಿನ ಸರದಿ ಅವರದು."

ನಿಜಕ್ಕೂ ಅದು ಒಳ್ಳೆಯ ಯೋಚನೆಯಾಗಿತ್ತು.

ಕಾಡೆಮ್ಮೆ ಗೌಡ ಮೆಲುಕು ನಿಲ್ಲಿಸಿ ಕೇಳಿದ: "ನಾನು ನೀರು ಕುಡಿದು, ಬೀಜ ಹಾಕದೆ ಹೋದೆ ಅನ್ನು. ಆಗಲೂ ನಿನ್ನ ಯಂತ್ರ ಸರಿಯಾದ ಸರದಿಯನ್ನೇ ಹೇಳುತ್ತದೋ?"

"ಸುಳ್ಳು ಹಾಕಿದರೆ ಸತ್ಯ ಹೇಗೆ ಬರುತ್ತದೆ, ಗೌಡರೇ?"

"ಮತ್ತೆ ಅದು ಯಂತ್ರ ಹೇಗಾಯಿತು?"

ಇಂಥ ಪ್ರಶ್ನೆ ಯಾವ ತಲೆಯಲ್ಲಿ ಹುಟ್ಟುತ್ತದೆಂದು ಹೊಂದಲೆಗೆ ತಿಳಿಯಲಿಲ್ಲ. ತಿಳಿಯಬೇಕಾದದ್ದೂ ಇರಲಿಲ್ಲ. ಅದು ಎರಡು ಕೊಂಬುಗಳ ನಡುವೆ ಹುಟ್ಟಿತ್ತು.

ಆಮೆಯಜ್ಜಿ ಆ ಕೊಳದ ಹಿರಿಯಳು. ಅವಳು ಚಿಪ್ಪಿನಿಂದ ತಲೆ ಹೊರಚಾಚಿ ತೀರ್ಮಾನ ಹೇಳಿದಳು: "ಕೊಳದ ನಡುವಿನ ಕಪ್ಪು ಬಂಡೆ ನೀರಿನಿಂದ ಮೇಲೆ ಕಾಣುವಷ್ಟರಲ್ಲಿ ಯಂತ್ರ ನಡೆಯಬೇಕು. ನೀನು ನಡೆಸಿದರೆ ಜಾಲಿಮರ ಗೀಜಗಗಳದು. ನಿನ್ನಿಂದಾಗದಿದ್ದರೆ, ಯಾರು ನಡೆಸಿ ತೋರಿಸುತ್ತಾರೋ ಅವರದು. ಆಮೇಲೆ ನನ್ನ ಹತ್ತಿರ ಗೋಳಾಡಬೇಡ, ಮಗು."

ಬಿದಿರು ಕೊರೆಯಲು ಮರಕುಟಿಗ ಟೊಕ್ಕಪ್ಪನನ್ನು ಹೊಂದಲೆಯ ಜೊತೆಗೆ ಕೊಟ್ಟರು. ಟೊಕ್ಕಪ್ಪನ ಕೊಕ್ಕು ಎಷ್ಟು ಚೂಪೋ ನಾಲಿಗೆಯೂ ಅಷ್ಟೇ ಚೂಪು. ಕೆಲಸ ಬೇಗ ಬೇಗ ಸಾಗಿತು. ಚೌಕಟ್ಟು ನಿಂತಿತು. ಕೊಳವೆಗಳು ತೂಗಾಡಿದವು. ಜೊಂಡಿನ ಎಳೆಗಳನ್ನು ಎಷ್ಟು ನಯವಾಗಿ ಹೆಣೆದಿದ್ದನೆಂದರೆ, ಜಿಂಕೆಗಳು ನೋಡಲೆಂದೇ ದೂರದಿಂದ ಬಂದವು.

"ಏನು ಕೈಚಳಕ," ಎಂದವು ಜಿಂಕೆಗಳು.

ಹೊಂದಲೆ ಚೌಕಟ್ಟಿಗೆ ತಲೆಕೆಳಗಾಗಿ ಜೋತುಬಿದ್ದು ರೆಕ್ಕೆ ಬಡಿದ. ಉಳಿದದ್ದು ಏನು? ಎಲೆಗಳನ್ನು ತುದಿಗೆ ಕಟ್ಟಬೇಕು. ಕೊಳವೆಗಳನ್ನು ಒಂದರೊಡನೊಂದು ಸರಿತೂಗಿಸಬೇಕು. ಅದು ಕೂತು ಮಾಡುವ, ಬೇಸರದ, ಯಾರೂ ನೋಡಲು ಬಾರದ ಕೆಲಸ.

ಮರುದಿನ ಟೊಕ್ಕಪ್ಪ ಬಂದಾಗ ಹೊಂದಲೆ ಪಕ್ಕದಲ್ಲಿ ಹೊಸ ಚೌಕಟ್ಟು ಹೆಣೆಯುತ್ತಿದ್ದ.

"ಇದೇನು?" ಎಂದು ಕೇಳಿದ ಟೊಕ್ಕಪ್ಪ.

"ಎರಡನೆಯ ಯಂತ್ರ. ಮೊದಲನೆಯದು ಸರದಿ ಮಾತ್ರ ಹೇಳುತ್ತದೆ. ಇದು ಕೊಳದಲ್ಲಿ ಎಷ್ಟು ನೀರು ಉಳಿದಿದೆ ಎಂದೂ ಹೇಳುತ್ತದೆ."

"ಅದು ನೋಡಿದರೇ ಕಾಣುತ್ತದಲ್ಲ, ಸ್ವಾಮಿ."

"ಕಾಣುವುದು ಬೇರೆ, ಲೆಕ್ಕ ಬೇರೆ."

ಟೊಕ್ಕಪ್ಪ ಗೊಣಗುತ್ತಲೇ ಕೊರೆದ. ಎರಡನೆಯ ಯಂತ್ರದ ಮೊದಲರ್ಧವೂ ಎದ್ದು ನಿಂತಿತು. ಈ ಸಲ ನವಿಲುಗಳೂ ಬಂದು ಹೊಗಳಿದವು. ಅದರ ಮರುದಿನ ಹೊಂದಲೆ ಮೂರನೆಯದನ್ನು ಶುರುಮಾಡಿದ.

"ಇದು ಏನು ಹೇಳುತ್ತದೆ?"

"ಎಲ್ಲವನ್ನೂ," ಎಂದ ಹೊಂದಲೆ. "ಇದಕ್ಕೆ ಒಂದೇ ಕೆಲಸವೆಂಬುದಿಲ್ಲ. ಬೀಜ ಹಾಕುವ ಕ್ರಮ ಬದಲಿಸಿದರೆ ಸಾಕು. ಮಳೆ ಯಾವಾಗ, ಹಣ್ಣು ಎಲ್ಲಿ, ಯಾರಿಗೆ ಎಷ್ಟು, ಏನು ಕೇಳಿದರೂ ಲೆಕ್ಕ ಹಾಕುತ್ತದೆ. ಇದರ ಕೊಳವೆಗಳಿಗೆ ನಾರು ಪೋಣಿಸುವ ತೂತುಗಳು ಮಾತ್ರ ಸಾಸಿವೆಗಿಂತ ಸಣ್ಣಗಿರಬೇಕು. ಈ ತನಕ ಕೊರೆದದ್ದೆಲ್ಲ ದೊಡ್ಡದಾಯಿತು, ಎಲ್ಲವನ್ನೂ ಹೊಸದಾಗಿ ಕೊರೆ."

"ಯಜಮಾನರೇ, ನಾನು ಮರಕುಟಿಗ. ಸೊಳ್ಳೆಯಲ್ಲ. ಸೊಳ್ಳೆಯನ್ನು ಕರೆಸಿಕೊಳ್ಳಿ."

"ನಿನಗೆ ಇದರ ಮಹತ್ವ ಗೊತ್ತಿಲ್ಲ."

"ಗೊತ್ತು ಮಾಡಿಕೊಳ್ಳಲು ಒಂದಾದರೂ ಮುಗಿಯಬೇಕಲ್ಲ," ಎಂದು ಟೊಕ್ಕಪ್ಪ ಹಾರಿಹೋದ. ಮತ್ತೆ ಬರಲಿಲ್ಲ.

ಹೊಂದಲೆ ಅಳುಕಲಿಲ್ಲ. ದೊಡ್ಡವರಿಗೆ ಇಂಥ ಕಷ್ಟಗಳು ಇದ್ದದ್ದೇ ಎಂದುಕೊಂಡ. ಅಷ್ಟರಲ್ಲಿ ಆಲದ ಮರದ ಕುಟ್ರು ಹಕ್ಕಿ ಎಂದಿನಂತೆ "ಕುಟ್ರೂ, ಕುಟ್ರೂ" ಎಂದು ಕೂಗತೊಡಗಿತು. ತನ್ನ ಯೋಚನೆಗಳೆಲ್ಲ ಈ ಕೂಗಿನಿಂದಲೇ ಕೆಡುತ್ತಿವೆ ಎಂದು ಅವನಿಗೆ ಖಚಿತವಾಯಿತು. ಹೆಣೆಯುವುದನ್ನು ಬಿಟ್ಟು ಆಮೆಯಜ್ಜಿಯ ಬಳಿಗೆ ದೂರು ಹೊತ್ತುಕೊಂಡು ಹೋದ.

"ಅಜ್ಜಿ, ಕೊಳದ ಸುತ್ತ ಯಾರೂ ಹಾಡಬಾರದೆಂದು ಕಟ್ಟುನಿಟ್ಟು ಮಾಡಿ."

"ಅದು ಹಾಡುವುದಲ್ಲಪ್ಪ, ಉಸಿರಾಡಿದ ಹಾಗೆ. ಅದರ ಅಜ್ಜನೂ ಹಾಗೇ ಕೂಗುತ್ತಿದ್ದ. ನಿನ್ನ ಕೆಲಸ ಎಲ್ಲಿಗೆ ಬಂತು?"

"ಮೂರನೆಯದರ ಅರ್ಧಕ್ಕೆ."

"ಮೊದಲನೆಯದು?"

"ಅದು ಹಳೆಯದಾಯಿತು, ಅಜ್ಜಿ."

ಆಮೆಯಜ್ಜಿ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಳು. ಅವಳು ಹಾಗೆ ಮಾಡಿದಳೆಂದರೆ ಮಾತು ಮುಗಿಯಿತೆಂದು ಅರ್ಥ. ಹೊಂದಲೆ ಅದನ್ನು ಮೆಚ್ಚುಗೆಯೆಂದು ತಿಳಿದ.

ಸಂಜೆ ಗೋಧಿ ಬಂದಳು. ಮೂರು ಚೌಕಟ್ಟುಗಳನ್ನೂ ಸುತ್ತಿ ನೋಡಿದಳು. ಮೊದಲನೆಯದರ ಒಂದು ಎಳೆಯನ್ನು ಎಳೆದಳು. ಗಟ್ಟಿಯಾಗಿತ್ತು.

"ಇದಕ್ಕೆ ಎಲೆ ಕಟ್ಟಿದರೆ ಆಯಿತಲ್ಲವೇ?" ಎಂದಳು. "ಬಂಡೆ ಇನ್ನೇನು ಕಾಣುತ್ತದೆ. ಜಾಲಿಮರ ಹೋದರೆ ಈ ಸಲವೂ ನನ್ನ ಮೊಟ್ಟೆಗಳಿಗೆ ಗತಿಯಿಲ್ಲ. ನನ್ನವಷ್ಟೇ ಅಲ್ಲ, ನಮ್ಮವರೆಲ್ಲರ ಮೊಟ್ಟೆಗಳಿಗೂ."

"ಗೋಧಿ, ಸಣ್ಣದಾಗಿ ಯೋಚಿಸಬೇಡ. ಮೊದಲನೆಯದು ಆಟಿಕೆ. ಅದನ್ನು ನನ್ನ ಹೆಸರಿನಲ್ಲಿ ಓಡಿಸಿದರೆ ನನಗೇ ನಾಚಿಕೆ. ಮೂರನೆಯದು ಮುಗಿಯಲಿ, ನೋಡು."

"ನೋಡಿದ್ದೇನೆ. ನಿಮ್ಮಲ್ಲಿ ನೋಡುವುದೊಂದೇ ನನಗೆ ಸಿಕ್ಕಿರುವುದು."

ಅವಳು ಹಾರಿಹೋದಳು. ಹೊಂದಲೆ ಮೂರನೆಯ ಯಂತ್ರಕ್ಕೆ ನಾರು ಸಾಲದೆಂದು ಎರಡನೆಯದನ್ನು ಬಿಚ್ಚತೊಡಗಿದ.

ಕಪ್ಪು ಬಂಡೆ ಒಂದು ಬೆಳಿಗ್ಗೆ ನೀರಿನಿಂದ ಬೆನ್ನು ತೋರಿಸಿತು. ಅದು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಪ್ರಾಣಿಗಳು ಇಳಿಯುವ ದಾರಿಯ ಬಳಿ ನೆರೆದವು. ಆಮೆಯಜ್ಜಿ ಹೊಂದಲೆಯತ್ತ ನೋಡಿದಳು.

"ಇನ್ನು ಸ್ವಲ್ಪವೇ ಬಾಕಿ," ಎಂದ ಹೊಂದಲೆ.

"ಸ್ವಲ್ಪವೆಂದರೆ?"

"ಅರ್ಧ."

ಆಗ ಕಾಗೆ ಮಸಿಯಣ್ಣ ಮುಂದೆ ಬಂದ. ಮಕ್ಕಳೇ, ಕಾಗೆಯ ಗೂಡನ್ನು ನೀವು ನೋಡಿರುತ್ತೀರಿ. ಕಡ್ಡಿ, ಕಸ, ಹರಿದ ಚಿಂದಿ. ಅದಕ್ಕೆ ಅಂದವೂ ಇಲ್ಲ, ನಾಚಿಕೆಯೂ ಇಲ್ಲ. ಆದರೆ ಅದರೊಳಗೆ ಮೊಟ್ಟೆ ನಿಲ್ಲುತ್ತದೆ.

"ಈ ಹಳೆಯದು ಯಾರಿಗೂ ಬೇಡವೆಂದಾದರೆ ನಾನು ತೆಗೆದುಕೊಳ್ಳಲೇ, ಅಜ್ಜಿ?" ಎಂದು ಮಸಿಯಣ್ಣ ಮೊದಲನೆಯ ಚೌಕಟ್ಟನ್ನು ತೋರಿಸಿದ.

"ಅವನನ್ನೇ ಕೇಳು."

ಹೊಂದಲೆ ನಕ್ಕ. "ತೆಗೆದುಕೋ ಮಸಿಯಣ್ಣ. ಆಟಿಕೆಯಲ್ಲಿ ಆಡುವ ವಯಸ್ಸು ನಿನಗೆ ಇನ್ನೂ ಕಳೆದಿಲ್ಲ."

"ಇಲ್ಲ ಕಣಯ್ಯ, ಕಳೆದಿಲ್ಲ," ಎಂದ ಮಸಿಯಣ್ಣ. ಅವನು ಟೊಕ್ಕಪ್ಪನನ್ನು ಕರೆಸಿದ. ಒಂದಿಷ್ಟು ಒಣ ಕಡ್ಡಿ ತುರುಕಿದ. ಮುತ್ತುಗದ ಎಲೆಗಳನ್ನು ಬಳ್ಳಿಯಿಂದ ಗಂಟುಗಂಟಾಗಿ ಬಿಗಿದ. ಒಂದು ಕೊಳವೆ ಸೊಟ್ಟಗಾಯಿತು. ಇನ್ನೊಂದು ಕಿರ್ರೆಂದು ಅರಚಿತು. ನೋಡಲು ಅಸಹ್ಯವಾಗಿತ್ತು. ಹೊತ್ತು ನೆತ್ತಿಗೇರುವಷ್ಟರಲ್ಲಿ ಅದು ನಡೆಯಿತು.

ಕಾಡೆಮ್ಮೆಗಳು ಎಂದಿನಂತೆ ಮೊದಲು ನುಗ್ಗಿ ಕುಡಿದವು. ಆಮೆಯಜ್ಜಿ ದಾರಿಗೆ ಅಡ್ಡ ನಿಂತು ಗೌಡನಿಂದ ಬೀಜ ಹಾಕಿಸಿದಳು. ಕಾಡೆಮ್ಮೆಗಳ ಕೊಳವೆ ಕೆಳಗಿಳಿಯಿತು. ಒಂದೊಂದೇ ಹಿಂಡು ಕುಡಿದು ಬೀಜ ಹಾಕಿತು. ಕೊನೆಗೆ ಒಂದೇ ಒಂದು ಎಲೆ ಎತ್ತರದಲ್ಲಿ ಉಳಿಯಿತು. ಅದು ಮೊಲಗಳದು.

"ಮೊಲವೇ? ನಮಗೆ ಇನ್ನೊಮ್ಮೆ ಬಾಯಾರಿದೆ," ಎಂದ ಗೌಡ.

"ನನ್ನ ಕೈಯಲ್ಲಿ ಏನಿದೆ, ಗೌಡರೇ?" ಎಂದ ಮಸಿಯಣ್ಣ. "ಬೀಜಕ್ಕೆ ಯಾರ ಕೊಂಬು ಎಷ್ಟು ಉದ್ದವೆಂದು ತಿಳಿಯದು. ಬೇಕಾದರೆ ಅದನ್ನೇ ಬೈಯಿರಿ."

ಬೀಜವನ್ನು ಬೈಯುವುದು ಹೇಗೆಂದು ಗೌಡನಿಗೆ ಗೊತ್ತಿರಲಿಲ್ಲ. ಅವನು ಪಕ್ಕಕ್ಕೆ ಸರಿದ. ಮೊಲಗಳು ಹೆದರುತ್ತ ಹೆದರುತ್ತ ಇಳಿದು, ಹೊಟ್ಟೆ ತುಂಬ ಕುಡಿದವು.

ಅಂದಿನಿಂದ ಕೊಳದ ರೀತಿಯೇ ಬದಲಾಯಿತು. ಕೊಂಬು ತೋರಿಸಿ ಮುಂದೆ ನುಗ್ಗುವವರು ಎಲೆ ನೋಡಿ ಕಾಯುವುದನ್ನು ಕಲಿತರು. ಮೊಲದ ಮರಿಗಳು ನೆಟ್ಟಗೆ ನಡೆಯತೊಡಗಿದವು. ಕೊಕ್ಕರೆ ಶಾನುಭೋಗರಿಗೆ ಕೆಲಸ ಹೋಯಿತು. ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಬಿದ್ದ ಬೀಜ ಹೆಕ್ಕಿಕೊಡುವ ಕೆಲಸಕ್ಕೆ ಸೇರಿದರು. ಅಲ್ಲಿ ನಿದ್ದೆ ಮಾಡಲು ಬಿಡುವಿರಲಿಲ್ಲ.

ಜಾಲಿಮರ ಕಾಗೆಗಳ ಪಾಲಾಯಿತು.

ಹೊಂದಲೆ ರೆಕ್ಕೆ ಕೆದರಿಕೊಂಡು ಆಮೆಯಜ್ಜಿಯ ಬಳಿಗೆ ಓಡಿದ. "ಇದು ಅನ್ಯಾಯ. ಯೋಚನೆ ನನ್ನದು. ಕೊಳವೆ ನನ್ನದು, ಬೀಜ ನನ್ನದು. ಆ ಮಸಿಯಣ್ಣ ಮಾಡಿದ್ದು ನಾಲ್ಕು ಗಂಟು ಹಾಕಿದ್ದು ಮಾತ್ರ."

"ಹೌದು," ಎಂದಳು ಆಮೆಯಜ್ಜಿ. "ಆ ನಾಲ್ಕು ಗಂಟು ನೀನು ಹಾಕಬೇಕಿತ್ತು."

"ಅದು ಎಷ್ಟು ಒರಟಾಗಿದೆ, ನೋಡಿ."

"ನೋಡಲು ಯಾರಿಗೆ ಪುರುಸೊತ್ತಿದೆ, ಮಗು? ಎಲ್ಲರೂ ಕುಡಿಯುತ್ತಿದ್ದಾರೆ."

ಮೊದಲ ಮಳೆ ಬಿತ್ತು. ಜಾಲಿಮರದಲ್ಲಿ ಕಾಗೆಗಳು ಕಡ್ಡಿ ಜೋಡಿಸಿದವು. ಗೀಜಗಗಳು ಬೇರೆ ಮರ ಹುಡುಕುತ್ತ ಆಚೆಯ ಹಳ್ಳದ ಕಡೆಗೆ ಹೊರಟವು. ಹೋಗುವಾಗ ಹೊಂದಲೆಯನ್ನು ಯಾರೂ ಮಾತನಾಡಿಸಲಿಲ್ಲ. ಗೋಧಿ ಮಾತ್ರ ಒಂದು ಗಳಿಗೆ ಅವನ ಕೊಂಬೆಯ ಮೇಲೆ ಕುಳಿತಳು. ಅವನು ಹಿಗ್ಗಿನಿಂದ ಅರ್ಧ ಯಂತ್ರಕ್ಕೆ ಜೋತುಬಿದ್ದು ರೆಕ್ಕೆ ಬಡಿದ.

"ಬಂದೆಯಾ? ನೋಡು ಗೋಧಿ, ಇದರ ಸೂಕ್ಷ್ಮ ನಿನಗೊಬ್ಬಳಿಗೇ ಅರ್ಥವಾಗುವುದು."

"ಅರ್ಥವಾಗಿದೆ," ಎಂದಳು ಗೋಧಿ. "ಹಳ್ಳದ ಬದಿಯಲ್ಲಿ ಒಬ್ಬ ಗೂಡು ಹೆಣೆದಿದ್ದಾನೆ. ಸ್ವಲ್ಪ ವಾರೆಯಾಗಿದೆ, ಆದರೆ ಬಾಗಿಲಿದೆ. ನಾನು ಅಲ್ಲಿಗೆ ಹೋಗುತ್ತಿದ್ದೇನೆ. ನಿಮಗೆ ಹೇಳದೆ ಹೋಗುವುದು ಸರಿಯಲ್ಲವೆಂದು ಬಂದೆ."

ಅವಳು ಹೋದಳು. ಮಳೆ ಜೋರಾಯಿತು. ಹೊಂದಲೆ ಒಳಗೆ ನುಗ್ಗಿ ಕೂರಲು ನೋಡಿದ. ಅವನ ಯಂತ್ರಕ್ಕೂ ಅವನ ಹಳೆಯ ಅರ್ಧ ಗೂಡಿಗೂ ಒಳಗೆಂಬುದೇ ಇರಲಿಲ್ಲ. ನೆನೆಯುತ್ತ ಕುಳಿತಿದ್ದಾಗ ಅವನಿಗೆ ನಾಲ್ಕನೆಯ ಯಂತ್ರದ ಯೋಚನೆ ಹೊಳೆಯಿತು.

ನೀತಿ: ಎಷ್ಟೇ ದೊಡ್ಡ ಯೋಚನೆಯಾದರೂ ಮುಗಿಸದೆ ಬಿಟ್ಟರೆ ಲೋಕವನ್ನು ಬದಲಿಸುವ ಹೆಸರು ಇನ್ನೊಬ್ಬರ ಪಾಲಾಗುತ್ತದೆ; ಆರಂಭಿಸಿದವನಿಗೆ ದೂರುವುದೊಂದೇ ಉಳಿಯುತ್ತದೆ.