ಬಲಿಪೀಠದ ಕಲ್ಲುಗಳು

ನೂರಾರು ವರ್ಷಗಳ ಹಿಂದೆ ಸಿಡಿಲು ಬಡಿದು ಕುಸಿದ ಇಗರ್ಜಿಯೊಂದರ ಕಲ್ಲುಗಳು ಊರಿಡೀ ಚದುರಿಹೋಗಿದ್ದವು. ಒಂದು ಕಲ್ಲು ಹಂದಿಗೂಡಿನ ಗೋಡೆ ಸೇರಿತ್ತು, ಇನ್ನೊಂದು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ಇಗರ್ಜಿಯನ್ನು ಮತ್ತೆ ಕಟ್ಟಿಸಬೇಕೆಂದು ಫಾದರ್ ಲಿಗೋರಿ ಮನೆಮನೆಗೆ ಹೋಗಿ ಬೇಡಿಕೊಂಡು, ಅವನ್ನೆಲ್ಲ ಹೊಳೆದಂಡೆಯ ಹಳೆಯ ಅಂಗಳಕ್ಕೆ ತರಿಸಿದರು.

"ಯಾರು ಎಲ್ಲಿದ್ದಿರೆಂದು ಹೇಳಿ, ಅಲ್ಲಲ್ಲೇ ಕೂರಿಸುತ್ತೇನೆ," ಎಂದು ಕಲ್ಲುಗಳಿಗೆ ಹೇಳಿದರು.

"ನಾನು ಬಲಿಪೀಠದಲ್ಲಿದ್ದೆ," ಎಂದಿತು ಒಗೆಯುವ ಕಲ್ಲು. ಅದರ ಮೈಮೇಲಿನ ಸೋಪಿನ ನೊರೆ ಇನ್ನೂ ಆರಿರಲಿಲ್ಲ.

"ನಾನೂ ಅಲ್ಲೇ ಇದ್ದವನು. ತಮ್ಮನ್ನು ಕಂಡ ನೆನಪಿಲ್ಲವಲ್ಲ!" ಎಂದಿತು ಹಂದಿಗೂಡಿನ ಕಲ್ಲು.

ಉಳಿದವೂ ತಾವು ಬಲಿಪೀಠದವರೇ ಎಂದು ಆಣೆಯಿಟ್ಟವು.

"ಹಾಗಾದರೆ ಅಡಿಪಾಯದಲ್ಲಿ ಯಾರಿದ್ದಿರಿ?" ಎಂದು ಫಾದರ್ ಕೇಳಿದರು.

ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ನೋಡಿತು.

ಫಾದರ್ ಕೈಮುಗಿದರು. "ಮಳೆಗಾಲ ಹತ್ತಿರ ಬಂತು. ಈಗ ಕಟ್ಟದಿದ್ದರೆ ಹೊಳೆ ನಿಮ್ಮನ್ನು ಹೊತ್ತೊಯ್ಯುತ್ತದೆ. ನಿಮ್ಮಲ್ಲಿ ಕೆಲವರಾದರೂ ಕೆಳಗಿಳಿದು ಪುಣ್ಯ ಕಟ್ಟಿಕೊಳ್ಳಿ."

"ಕುಲೀನರು ಮಣ್ಣಿಗಿಳಿಯುವುದುಂಟೇ, ಫಾದರ್? ಅಡಿಪಾಯಕ್ಕೆ ಪರವೂರಿನ ಕಲ್ಲು ತರಿಸಿ. ನಾವು ಮೇಲೆ ಕುಳಿತು ಅವರನ್ನು ಆಶೀರ್ವದಿಸುತ್ತೇವೆ," ಎಂದವು ಕಲ್ಲುಗಳು.

ಫಾದರ್ ದಿನವೂ ಬಂದು ಅಂಗಲಾಚಿದರು. ಕಲ್ಲುಗಳು ದಿನವೂ ತಮ್ಮ ವಂಶಾವಳಿ ಹೇಳಿದವು. ಅಷ್ಟರಲ್ಲಿ ಆಷಾಢದ ನೆರೆ ಬಂದು ಅಂಗಳವನ್ನೇ ಕೊರೆಯತೊಡಗಿತು. ಆಗಲೂ ಕಲ್ಲುಗಳು ಮರ್ಯಾದೆ ಬಿಡಲಿಲ್ಲ. "ತಾವು ಮೊದಲು ಇಳಿಯಬೇಕು," ಎಂದು ಒಂದು ಹೇಳಿದರೆ, "ಛೆ, ಎಲ್ಲಾದರೂ ಉಂಟೇ, ತಾವೇ ಮೊದಲು," ಎಂದು ಇನ್ನೊಂದು ಹೇಳುತ್ತಿತ್ತು.

ಕೊನೆಗೆ ಆ ಕುಲೀನರೆಲ್ಲರೂ ಒಟ್ಟಿಗೇ ಕೆಳಗಿಳಿದರು. ಹೊಳೆಯ ತಳಕ್ಕೆ ಈಗ ಭದ್ರವಾದ ಅಡಿಪಾಯವಿದೆ.