ಹಂಪವ್ವನ ಸೆರಗಿನ ಗೆರೆ

ಇಳಕಲ್ಲಿನ ನೇಕಾರ್ತಿ ಹಂಪವ್ವನಿಗೆ ಪರದೇಶದಲ್ಲಿ ಸೀರೆ ಮಾರುವ ಅವಕಾಶ ಬಂದಿತ್ತು. ವೀಸಾ ಒಂದೇ ಬಾಕಿ. ಬನಶಂಕರಿಯನ್ನು ನೆನೆದು ವೀಸಾ ಕಚೇರಿಯ ಕಿಟಕಿಯ ಮುಂದೆ ನಿಂತಳು.

ಒಳಗಿದ್ದ ಅಧಿಕಾರಿ ಕಾಗದಗಳನ್ನು ಬದಿಗೆ ಸರಿಸಿದರು. “ಹೋದವರು ಅಲ್ಲೇ ಉಳಿದುಬಿಡುತ್ತಾರೆ. ನೀವು ಹಿಂದಿರುಗುತ್ತೀರಿ ಅನ್ನುವುದಕ್ಕೆ ಏನು ಗ್ಯಾರಂಟಿ?”

ಹಂಪವ್ವ ತನ್ನ ಸೆರಗನ್ನು ಗಾಜಿಗೆ ಹಿಡಿದಳು. “ಈ ಅಡ್ಡಗೆರಿ ನೋಡ್ರಿ ಸಾಹೇಬ್ರ. ನಾ ಊಟಕ್ಕ ಎದ್ದಾಗ, ನೆರವಾಗಲಿ ಅಂತ ನಮ್ಮ ಯಜಮಾನ್ರು ಮಗ್ಗಕ್ಕ ಕುಂತ್ರು. ನೇಯೋ ಕೈ ಬದಲಾದ್ರ ಹಿಂಗ ಗೆರಿ ಬೀಳತೈತ್ರಿ.”

“ಅದಕ್ಕೆ?”

“ಈಗ ಮಗಳ ಮದುವಿ ಸೀರಿ ಮಗ್ಗದಾಗ ಅರ್ಧಕ್ಕ ನಿಂತೈತ್ರಿ.”

ಅಧಿಕಾರಿಯ ಬಿಗಿದ ಮುಖ ಸಡಿಲವಾಯಿತು. “ಮಗ್ಗ ಮುಟ್ಟಬೇಡಿ ಅಂತ ಅವರಿಗೆ ಹೇಳಿದ್ದೀರಾ?”

“ಹೇಳೀನ್ರಿ. ಆದ್ರ ಎಷ್ಟು ದಿನ ತಡದಾರು?”

ಅಧಿಕಾರಿ ನಗುತ್ತ ಮೊಹರು ಎತ್ತಿಕೊಂಡರು. “ಒಂದು ತಿಂಗಳು ಕೊಡಲೇನಮ್ಮ?”

“ಬ್ಯಾಡ್ರಿ, ಹತ್ತು ದಿನ ಸಾಕು!”